ಒಂದು ಬಗೆಯ ವಾದ್ಯ

ಗೊತ್ತಿಲ್ಲದ ಹೂವಿಗೆ ‘ಒಂದು ಜಾತಿಯ ಹೂ’, ಗೊತ್ತಿಲ್ಲದ ಹಕ್ಕಿಗೆ ‘ಒಂದು ಬಗೆಯ ಹಕ್ಕಿ’, ಗೊತ್ತಿಲ್ಲದ ಒಡವೆಗೆ ‘ಹೆಂಗಸರು ಧರಿಸುವ ಒಂದು ಆಭರಣ’. ನಾನು ಸೊರಬದಲ್ಲಿ ಮೇಷ್ಟ್ರಾಗಿ ಸೇರಿದಾಗ ಅಲ್ಲಿನ ಕನ್ನಡ ಪಂಡಿತರು ಒಂದು ತಲೆಮಾರಿನಿಂದ ಹಳಗನ್ನಡ ಕಾವ್ಯ ಪಾಠ ಮಾಡಿಕೊಂಡು ಬಂದದ್ದು ಈ ಮೂರು ಮಾತುಗಳ ಬಲದ ಮೇಲೆ. ಈ ಮೂರಕ್ಕೂ ಸಿಗದೆ ಉಳಿದದ್ದೆಲ್ಲ ಅವರ ಬಾಯಲ್ಲಿ ‘ಒಂದು ಬಗೆಯ ವಾದ್ಯ’. ಹಳೆಯ ಕಾಲದ ರಾಜರ ಮನೆಯಲ್ಲಿ ನಿಜವಾಗಿ ಅಷ್ಟು ವಾದ್ಯ ಬಾರಿಸುತ್ತಿದ್ದರೆ ರಾಜನಿಗೆ ನಿದ್ದೆ ಹೇಗೆ ಬರುತ್ತಿತ್ತೋ ನಾನು ಕಾಣೆ.

ಅವರ ಪದ್ಧತಿ ಹೀಗೆ. ಪದ್ಯ ಓದುವುದಕ್ಕೆ ಮೊದಲೇ ಕಠಿಣ ಪದಗಳ ಅರ್ಥ. ಪಂಡಿತರು ಒಳಗೆ ಬಂದು, ಶಾಲು ಸರಿಮಾಡಿಕೊಂಡು, ಕುರ್ಚಿಯಲ್ಲಿ ಕೂತು ಒಂದು ಪದ ಹೇಳುವರು, ಅದರ ಅರ್ಥ ಹೇಳುವರು. ಹುಡುಗರು ಒಟ್ಟಾಗಿ ಕೂಗಿಕೊಂಡು ಬರೆದುಕೊಳ್ಳುವರು. ಮಾರನೆಯ ದಿನ ಅದನ್ನು ಒಪ್ಪಿಸಬೇಕು. ಒಪ್ಪಿಸಿ ಮುಗಿದ ಮೇಲೆ ವೇಳೆ ಉಳಿದರೆ ಪದ್ಯ. ವೇಳೆ ಉಳಿಯುತ್ತಿರಲಿಲ್ಲ. ಆ ತರಗತಿಯಿಂದ ಹೊರಬಿದ್ದ ಹುಡುಗನಿಗೆ ಪೊನ್ ಎಂದರೆ ಚಿನ್ನ ಎಂದು ಗೊತ್ತು, ಪೆಣ್ ಎಂದರೆ ಹೆಣ್ಣು ಎಂದೂ ಗೊತ್ತು. ಆ ಹೆಣ್ಣಿನ ಕೈಗೆ ಚಿನ್ನ ಕೊಟ್ಟವನು ಯಾರು, ಯಾಕೆ ಕೊಟ್ಟ, ಅವಳು ತೆಗೆದುಕೊಂಡಳೋ ಮುಖದ ಮೇಲೆ ಎಸೆದಳೋ, ಅದು ಗೊತ್ತಿಲ್ಲ. ಮದುವೆಗೆ ಹೋಗಿ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಎಣಿಸಿಕೊಂಡು ಬಂದ ಹಾಗೆ.

ನಾನು ಕಲಿತದ್ದು ಬೇರೆ ದಾರಿಯಲ್ಲಿ. ಜಾಣತನದಿಂದ ಅಂತ ಹೇಳಿಕೊಳ್ಳುವುದಿಲ್ಲ, ಗತಿಯಿಲ್ಲದೆ ಕಲಿತೆ. ನಮ್ಮದು ಶಿಕಾರಿಪುರಕ್ಕೆ ನಡೆದು ಹೋಗುವಷ್ಟು ಹತ್ತಿರದ ಒಂದು ಹಳ್ಳಿ. ನನಗಿಂತ ಮುಂಚೆ ನಮ್ಮ ಮನೆಯಲ್ಲಿ ಅಕ್ಷರ ತಿದ್ದಿದವರಿಲ್ಲ. ಅಪ್ಪನದು ಹೆಬ್ಬೆಟ್ಟು. ಹೈಸ್ಕೂಲಿನಲ್ಲಿ ನನಗೆ ಸಿಕ್ಕ ಕನ್ನಡ ಪುಸ್ತಕ ಮೂರು ಕೈ ದಾಟಿ ಬಂದದ್ದು. ಅದಕ್ಕೆ ತಲೆ ಇತ್ತು, ಮೈ ಇತ್ತು, ಬಾಲ ಇರಲಿಲ್ಲ. ಪದಗಳ ಅರ್ಥ ಅಚ್ಚಾಗಿರುವುದು ಆ ಬಾಲದಲ್ಲೇ. ಹಿಂದಿನವರ ಮನೆಯಲ್ಲಿ ಆ ಹಾಳೆಗಳನ್ನು ಖಾರದಪುಡಿ ಕಟ್ಟಲಿಕ್ಕೆ ಹರಿದುಕೊಂಡಿದ್ದರು. ಹರಿದಲ್ಲಿ ಕೆಂಪು ಇನ್ನೂ ಇತ್ತು, ಮೂಸಿದರೆ ಸೀನು ಬರುತ್ತಿತ್ತು.

ಬಾಲ ಇದ್ದ ಪುಸ್ತಕದವರು ತರಗತಿಯಲ್ಲಿ ಇದ್ದರು. ವಕೀಲರ ಮಕ್ಕಳು, ಶಾನುಭೋಗರ ಮಕ್ಕಳು. ಕೇಳಿದರೆ ತೋರಿಸುತ್ತಿದ್ದರು, ಇಲ್ಲವೆನ್ನಲಾರೆ. ತೋರಿಸುವ ಮುಂಚೆ, “ಯಾಕೋ, ನಿಮ್ಮನೇಲಿ ಯಾರಿಗೂ ಬರಲ್ವೇನೋ?” ಎಂದು ಕೇಳುತ್ತಿದ್ದರು. ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ನನ್ನ ಬಾಯಿಂದ ಹೇಳಿಸಿಕೊಳ್ಳುವುದು ಅವರಿಗೆ ಬೆಲ್ಲ ಚೀಪಿದ ಹಾಗಿತ್ತು. ನಾನು ಕೇಳುವುದನ್ನೇ ಬಿಟ್ಟೆ.

ಬಿಟ್ಟ ಮೇಲೆ ನನ್ನ ಹತ್ತಿರ ಉಳಿದದ್ದು ಪದ್ಯ ಒಂದೇ. ಹೊಸ ಊರಿಗೆ ಬಂದವನು ಅಗಸರ ಮನೆ ಯಾವುದೆಂದು ಯಾರನ್ನೂ ಕೇಳದೆ, ಹಗ್ಗದ ಮೇಲಿನ ಬಟ್ಟೆ ನೋಡಿಯೇ ತಿಳಿದುಕೊಳ್ಳುತ್ತಾನಲ್ಲ, ಹಾಗೆ ಓದತೊಡಗಿದೆ. ‘ಪಡಿಯರ’ ಎಂಬ ಪದ ಬಂತು ಅನ್ನಿ. ಅವನು ಬಂದು ರಾಜನ ಮುಂದೆ ಕೈಮುಗಿದು, ಹೊರಗೆ ದೂತ ಕಾದಿದ್ದಾನೆ ಎನ್ನುತ್ತಾನೆ. ರಾಜ, ಒಳಗೆ ಬಿಡು ಎನ್ನುತ್ತಾನೆ. ಅಲ್ಲಿಗೆ ಇವನು ಬಾಗಿಲು ಕಾಯುವವನೆಂದು ಆಯಿತು. ಇದಕ್ಕೆ ನಿಘಂಟು ಯಾಕೆ? ತಾಲ್ಲೂಕು ಕಚೇರಿಯ ಜವಾನನ ಮುಂದೆ ಒಂದು ಸಲ ನಿಂತು ಬಂದಿದ್ದರೆ ಸಾಕು. ಹಿಂದೆ ನಾಲ್ಕು ಸಾಲು, ಮುಂದೆ ನಾಲ್ಕು ಸಾಲು, ಯಾರಿದ್ದಾರೆ, ಕೈಯಲ್ಲಿ ಏನಿದೆ, ಸಿಟ್ಟಿನಲ್ಲಿದ್ದಾರೋ ಸಂತೋಷದಲ್ಲಿದ್ದಾರೋ, ಅಷ್ಟನ್ನು ಕಣ್ಣಿಟ್ಟು ನೋಡಿದರೆ ಮುಕ್ಕಾಲು ಪದಗಳು ತಾವಾಗಿ ಬಾಯಿ ಬಿಡುತ್ತವೆ. ಉಳಿದ ಕಾಲು ಭಾಗ ಬಾಯಿ ಬಿಡುವುದಿಲ್ಲ. ಬಿಡದಿದ್ದರೆ ಬಿಡಲಿ.

ಈ ಬಾಲವಿಲ್ಲದ ಓದಿನಲ್ಲೇ ನಾನು ಶಿವಮೊಗ್ಗಕ್ಕೆ ಹೋಗಿ, ಮಠದ ಉಚಿತ ಬೋರ್ಡಿಂಗಿನಲ್ಲಿ ಉಂಡು, ಕನ್ನಡ ತೆಗೆದುಕೊಂಡು ಬಿ.ಎ. ಮಾಡಿದೆ. ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಳ್ಳುವುದನ್ನು ನೋಡಿ ನಗುವವರಿದ್ದರು. ಅವರ ಅಜ್ಜನ ಕಾಲದಿಂದ ಮನೆಯ ಗೋಡೆಗೆ ಸರ್ಟಿಫಿಕೇಟು ನೇತು ಹಾಕಿದ್ದಿರಬೇಕು, ಅವರಿಗೆ ಅದು ಕ್ಯಾಲೆಂಡರಿನ ಸಮಾನ. ನನಗೆ ಪುಕ್ಕಟೆ ಬಂದದ್ದಲ್ಲ. ನಾನು ಬರೆಯುತ್ತಿದ್ದೆ, ಈಗಲೂ ಬರೆಯುತ್ತೇನೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಸೊರಬದಲ್ಲಿ ನಾಲ್ಕಾರು ಮಂದಿ ದೊಡ್ಡವರು ಸೇರಿ ಒಂದು ಹೈಸ್ಕೂಲು ನಡೆಸುತ್ತಿದ್ದರು. ಈಗ ಆ ಶಾಲೆಯೂ ಇಲ್ಲ, ಕಟ್ಟಡವೂ ಇಲ್ಲ. ಹಳೆಯ ಅಡಿಕೆ ಮಂಡಿಯೊಂದನ್ನು ಗುಡಿಸಿ ಬೆಂಚು ಹಾಕಿದ್ದರು. ಕೆಳಗೆ ಚಿಕ್ಕ ತರಗತಿಗಳು, ಹಲಗೆ ಹಾಸಿದ ಮಹಡಿಯ ಮೇಲೆ ಪರೀಕ್ಷೆಗೆ ಕೂರುವ ಕೊನೆಯ ತರಗತಿ. ನನ್ನನ್ನು ಒಂದು ವರ್ಷದ ಮಟ್ಟಿಗೆ ಹಂಗಾಮಿಯಾಗಿ ತೆಗೆದುಕೊಂಡರು. ವರ್ಷದ ಕೊನೆಗೆ ಕಮಿಟಿಯವರು ಮನಸ್ಸು ಮಾಡಿದರೆ ಖಾಯಂ, ಇಲ್ಲದಿದ್ದರೆ ಊರಿಗೆ ವಾಪಸ್ಸು. ಊರಿನಲ್ಲಿ ಚಿಕ್ಕಪ್ಪ ಅದಕ್ಕೇ ಕಾದಿದ್ದ. ನಾನು ಕಾಲೇಜಿಗೆ ಹೊರಟ ದಿನವೇ ಕಟ್ಟೆಯ ಮೇಲೆ ಕೂತು, “ಓದಿದ ಎತ್ತು ನೊಗಕ್ಕೂ ಆಗಂಗಿಲ್ಲ, ಗಾಡಿಗೂ ಆಗಂಗಿಲ್ಲ. ಬಣವಿ ಮಾತ್ರ ತಿಂತೈತಿ” ಎಂದಿದ್ದ. ಆ ಮಾತು ಸುಳ್ಳಾಗುವುದೂ ನಿಜವಾಗುವುದೂ ಸೊರಬದ ಕಮಿಟಿಯ ಕೈಯಲ್ಲಿ ಬಿದ್ದಿತ್ತು.

ಪಂಡಿತರಿಗೆ ಆ ವರ್ಷ ಮಂಡಿನೋವು. ಮಹಡಿ ಹತ್ತಲಾರೆ ಎಂದರು. ಹೆಡ್‌ಮಾಸ್ಟರು ಕೊನೆಯ ತರಗತಿಯ ಕನ್ನಡವನ್ನು ನನಗೆ ಕೊಟ್ಟುಬಿಟ್ಟರು. ನನಗೆ ಆ ತರಗತಿ ಸಿಕ್ಕಿದ್ದು ನನ್ನ ಯೋಗ್ಯತೆಯಿಂದಲ್ಲ, ಏಣಿಮೆಟ್ಟಿಲಿನ ಕೃಪೆಯಿಂದ ಎಂದು ಪಂಡಿತರು ಎಲ್ಲರಿಗೂ ಹೇಳುತ್ತಿದ್ದರು. ಆ ಒಂದು ವಿಷಯದಲ್ಲಿ ಅವರು ಹೇಳಿದ ಅರ್ಥ ಸರಿಯಾಗಿತ್ತು.

ಮೊದಲ ದಿನ ನಾನು ಪುಸ್ತಕ ತೆಗೆಸಿ ಪದ್ಯ ಓದಿದೆ. ಹುಡುಗರು ನೋಟು ಬಿಚ್ಚಿಕೊಂಡು, ಪೆನ್ಸಿಲ್ ಹಿಡಿದು, ನನ್ನ ಬಾಯಿ ನೋಡುತ್ತ ಕೂತರು. ನಾನು ಮತ್ತೊಮ್ಮೆ ಓದಿದೆ.

“ಸಾರ್, ಅರ್ಥ ಯಾವಾಗ ಕೊಡ್ತೀರಿ?” ಮುಂದಿನ ಬೆಂಚಿನವನು ಕೇಳಿದ.

“ಕೊಡಲ್ಲ. ಹುಡುಕೋಣ. ಇಲ್ಲಿ ಯಾರು ಯಾರ ಹತ್ತಿರ ಮಾತಾಡ್ತಾ ಇದಾರೆ, ಹೇಳು.”

ಅವನು ಪಕ್ಕದವನನ್ನು ನೋಡಿದ. ಪಕ್ಕದವನು ಸೂರು ನೋಡಿದ. ಕೆಳಗಿನಿಂದ, ಹಲಗೆಗಳ ಸಂದಿನಿಂದ, ಪಂಡಿತರ ತರಗತಿ ಒಟ್ಟಾಗಿ ಕೂಗುವುದು ಕೇಳುತ್ತಿತ್ತು.

“ನಿಮಗೆ ಗೊತ್ತಿಲ್ವಾ ಸಾರ್?” ಎಂದು ಒಬ್ಬ ಮೆಲ್ಲಗೆ, ನಿಜವಾದ ಮರುಕದಿಂದ ಕೇಳಿದ.

ನನ್ನ ತೊಂದರೆಯ ಬೀಜ ಅದು. ಆ ಊರಿನಲ್ಲಿ ಕೇಳುವವನು ಎಂದರೆ ಗೊತ್ತಿಲ್ಲದವನು, ಹೇಳುವವನು ಎಂದರೆ ಗೊತ್ತಿರುವವನು. ಮೇಷ್ಟ್ರು ಪ್ರಶ್ನೆ ಕೇಳಬಹುದು, ನಿನ್ನೆ ತಾನೇ ಹೇಳಿದ ಉತ್ತರವನ್ನು ವಾಪಸ್ಸು ತೆಗೆದುಕೊಳ್ಳಲಿಕ್ಕೆ ಮಾತ್ರ. ಹೇಳಿಕೊಡದೆ ಕೇಳಿದರೆ ಅವನ ಹೊಟ್ಟೆಯಲ್ಲಿ ಏನೂ ಇಲ್ಲ ಎಂದೇ ಲೆಕ್ಕ. ಒಂದು ತಿಂಗಳಾಗುವಷ್ಟರಲ್ಲಿ ನನ್ನ ಹುಡುಗರು ಪದ್ಯದೊಳಕ್ಕೆ ಇಳಿದು ಓಡಾಡತೊಡಗಿದರು. ಒಬ್ಬರ ಮಾತನ್ನು ಒಬ್ಬರು ಕತ್ತರಿಸಿ, “ಇಲ್ಲ ಕಣೋ, ಅವಳಿಗೆ ಸಿಟ್ಟು ಬಂದಿದೆ, ಮುಂದಿನ ಸಾಲು ನೋಡು” ಎನ್ನುವಷ್ಟು. ಬಸ್ ಸ್ಟ್ಯಾಂಡಿನ ಚಾ ಅಂಗಡಿಗೆ ಮುಟ್ಟಿದ ಸುದ್ದಿ ಮಾತ್ರ ಬೇರೆ: ಶಿಕಾರಿಪುರದ ಕಡೆಯ ಬಿ.ಎ. ಮೇಷ್ಟ್ರಿಗೆ ಅರ್ಥ ಗೊತ್ತಿಲ್ಲ, ಹುಡುಗರನ್ನು ಕೇಳಿ ತಿಳಿದುಕೊಳ್ಳುತ್ತಾನೆ.

ಕಮಿಟಿಯ ಅಧ್ಯಕ್ಷರು ಅಡಿಕೆ ವ್ಯಾಪಾರಿ. ಬೆಳಗಿನಿಂದ ಸಂಜೆಯವರೆಗೆ ಬಾಯಲ್ಲಿ ಎಲೆ ಅಡಿಕೆ. ಮಾತಾಡಬೇಕಾದರೆ ರಸ ಚೆಲ್ಲದ ಹಾಗೆ ಗಲ್ಲ ಮೇಲೆತ್ತಿ ಆಕಾಶಕ್ಕೆ ಹೇಳುವರು. ಒಂದು ದಿನ ತಮ್ಮ ಅಡಿಕೆ ಮಂಡಿಯ ಮುಂದೆ ನನ್ನನ್ನು ನಿಲ್ಲಿಸಿ ಆಕಾಶಕ್ಕೆ ಕೇಳಿದರು, “ಏನ್ ಮೇಷ್ಟ್ರೆ, ಮಕ್ಕಳ ಹತ್ರ ಅರ್ಥ ಕೇಳ್ತೀರಂತೆ. ಹಂಗಾದ್ರೆ ಸಂಬಳ ನಿಮಗೋ ಅವ್ರಿಗೋ?” ಸುತ್ತ ಇದ್ದ ನಾಲ್ವರು ನಕ್ಕರು. ಅವರಿಗೆ ನಗುವುದು ವ್ಯಾಪಾರದ ಒಂದು ಭಾಗ.

ಇದು ಸೊರಬದಲ್ಲೇ ಉಳಿದಿದ್ದರೆ ನಾನು ಲೆಕ್ಕಕ್ಕೆ ಇಡುತ್ತಿರಲಿಲ್ಲ. ಸುದ್ದಿ ಅಡಿಕೆಮೂಟೆಯ ಜೊತೆಗೆ ಶಿರಾಳಕೊಪ್ಪದ ಸಂತೆಗೆ ಹೋಯಿತು. ಅಲ್ಲಿಗೆ ನಮ್ಮಪ್ಪ ಮೆಣಸಿನಕಾಯಿ ಮಾರಲಿಕ್ಕೆ ಬರುತ್ತಿದ್ದ. ಮುಂದಿನ ಭಾನುವಾರ ಅಪ್ಪ ಬಸ್ಸಿಳಿದು, ನನ್ನ ಬಾಡಿಗೆ ಕೋಣೆ ಹುಡುಕಿಕೊಂಡು ಬಂದು, ಚೀಲ ಕೆಳಗಿಡದೆ ಹೊಸ್ತಿಲಲ್ಲೇ ನಿಂತ.

“ನಿನಗ ಅರ್ಥ ಬರಂಗಿಲ್ಲಂತಲ್ಲೋ ತಮ್ಮಾ. ಸಂತ್ಯಾಗ ಒಬ್ಬ ತಕ್ಕಡಿ ಹಿಡ್ಕೊಂಡು ಅಂದ. ಹುಡುಗ್ರನ್ನ ಕೇಳಿ ಪಾಠ ಮಾಡ್ತಾನಂತ ನಿನ್ ಮಗ, ಅಂದ. ಮಂದಿ ನಕ್ರು. ಖರೇ ಏನು?”

“ಕೇಳೋದು ಖರೇ.”

“ಗೊತ್ತಿದ್ದು ಕೇಳ್ತೀಯೋ, ಗೊತ್ತಿಲ್ದ ಕೇಳ್ತೀಯೋ?”

“ಒಂದೊಂದ್ಸಲ ಹಾಂಗ, ಒಂದೊಂದ್ಸಲ ಹೀಂಗ.”

ಅಪ್ಪ ಚೀಲ ಕೆಳಗಿಟ್ಟು ಕೂತ. “ಹೀಂಗ ಅನ್ನೋದನ್ನ ಹೊರಗ ಹಾಕಬ್ಯಾಡ. ಎತ್ತು ಮಾರೋ ಮುಂದ, ಇದು ಕುಂಟತೈತಿ ಅಂತ ನೀನ ಮೊದ್ಲು ಹೇಳ್ತೀಯೇನು?”

ನಾನು ಅವನಿಗೆ ನೀರು ಕೊಟ್ಟು ಕೇಳಿದೆ, “ಅಪ್ಪಾ, ಖರಾಬು ಅಂದ್ರ ಏನು?”

“ಯಾಕ, ನಿನಗ ಗೊತ್ತಿಲ್ಲೇನು? ಉಳಾಕ ಬರದ ನೆಲ.”

“ನಿನಗ ಯಾರು ಹೇಳಿಕೊಟ್ರು?”

“ಅದನ್ನ ಯಾರು ಹೇಳ್ತಾರ? ಶಾನುಭೋಗ ಓದಿದ. ಮೋಜಣಿಯವ್ರು ಕಲ್ಲುದಿನ್ನಿ ಕಡೆ ಕೈ ಮಾಡಿದ್ರು. ಅದಕ್ಕ ಕಂದಾಯ ಇಲ್ಲ ಅಂದ್ರು. ಮತ್ತೇನಿರ್ತೈತಿ ಅದು?”

“ನಾನೂ ಹುಡುಗ್ರ ಕೈಲಿ ಅದನ್ನ ಮಾಡಸ್ತೀನಿ.”

ಅಪ್ಪ ನೀರು ಕುಡಿದ. ಚೊಂಬು ಕೆಳಗಿಟ್ಟ. ಆಮೇಲೆ, “ಹಂಗಾದ್ರ ಅದಕ್ಕ ಬಿ.ಎ. ಯಾಕ ಬೇಕಾಗಿತ್ತು?” ಎಂದ.

ಪಂಡಿತರಾಗಿದ್ದರೆ, ಬಿ.ಎ. ಎಂದರೆ ಒಂದು ಬಗೆಯ ಆಭರಣ ಎಂದು ಹೇಳಿ ಮುಗಿಸುತ್ತಿದ್ದರು. ಸಂಜೆಯ ಬಸ್ಸಿಗೆ ಹತ್ತುವಾಗ ಅಪ್ಪ ಇನ್ನೊಂದು ಮಾತು ಹೇಳಿದ: “ನೀ ಖಾಯಂ ಆಗೋತನಕ ನಾ ಆ ಸಂತಿಗೆ ಹೋಗಂಗಿಲ್ಲ.” ಹೇಳಿದ ಹಾಗೆಯೇ ಹೋಗಲಿಲ್ಲ. ಮೆಣಸಿನಕಾಯಿಯನ್ನು ಶಿಕಾರಿಪುರಕ್ಕೆ ಹೊತ್ತುಕೊಂಡು ಹೋದ.

ಸಂಕ್ರಾಂತಿ ಕಳೆದ ಮೇಲೆ ಕಮಿಟಿಯವರು ಹೇಳಿಕಳಿಸಿದರು: ಮೇಷ್ಟ್ರು ತಮ್ಮ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು, ಪದ್ಯವನ್ನು ಪಂಡಿತರು ಆರಿಸುವರು. ಆ ದಿನ ಅಧ್ಯಕ್ಷರು, ಇಬ್ಬರು ಸದಸ್ಯರು, ಹೆಡ್‌ಮಾಸ್ಟರು ಮಹಡಿಯ ಕಿಟಕಿಯ ಬದಿಗೆ ಕುರ್ಚಿ ಹಾಕಿಕೊಂಡು ಕೂತರು. ಪಂಡಿತರೂ ಬಂದರು. ವರ್ಷವಿಡೀ ಹತ್ತಲಾರದ ಮೆಟ್ಟಿಲನ್ನು ಆ ದಿನ ಇಬ್ಬರು ಹುಡುಗರ ಭುಜ ಹಿಡಿದು ಹತ್ತಿದರು. ಒಳ್ಳೆಯ ನೋಟ ನೋಡಬೇಕಾದರೆ ಮಂಡಿ ಕೂಡ ಸಹಕರಿಸುತ್ತದೆ.

ಅವರು ಆರಿಸಿದ್ದು ಪುಸ್ತಕದ ಕೊನೆಯ ಕಡೆಯ, ನಾವಿನ್ನೂ ಮುಟ್ಟದ ಒಂದು ಕಾವ್ಯಭಾಗ. ರಾಜ ಮಧ್ಯಾಹ್ನದ ಊಟ ಮುಗಿಸಿ ವಿಶ್ರಾಂತಿ ಮಾಡುವ ಸಂದರ್ಭ. ಅದರಲ್ಲಿ ‘ಡವಕೆ’ ಎಂದು ಒಂದು ಪದ. ಪುಸ್ತಕದ ಹಿಂದೆ ಅರ್ಥ ಕೊಟ್ಟವರು ಭೋಜನ ಎಂದರೆ ಊಟ, ಸಖಿ ಎಂದರೆ ಗೆಳತಿ ಎಂದು ಧೈರ್ಯವಾಗಿ ಬರೆದು, ಡವಕೆಯ ಹತ್ತಿರ ಬಂದಾಗ ಬಾಯಿ ಮುಚ್ಚಿಕೊಂಡಿದ್ದರು. ಎಲ್ಲರಿಗೂ ಗೊತ್ತಿರುವುದನ್ನು ವಿವರಿಸಿ ಯಾರಿಗೂ ಗೊತ್ತಿಲ್ಲದ್ದನ್ನು ಹಾರಿಸಿಬಿಡುವುದು ಆ ಕುಲದವರ ವೃತ್ತಿ. ನನಗೂ ಆ ಪದ ಗೊತ್ತಿರಲಿಲ್ಲ.

“ಮೊದಲು ಅರ್ಥ ಬರೆಯಲಿ,” ಪಂಡಿತರು ಹೇಳಿದರು.

“ಬರೀರಿ ಮೇಷ್ಟ್ರೆ,” ಅಧ್ಯಕ್ಷರು ಸೂರಿಗೆ ಹೇಳಿದರು.

“ಇದರಲ್ಲಿ ಒಂದು ಪದ ನನಗೂ ಗೊತ್ತಿಲ್ಲ,” ಎಂದೆ. “ಓದಿ ನೋಡೋಣ.”

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಅಧ್ಯಕ್ಷರ ದವಡೆ ಒಂದು ಗಳಿಗೆ ನಿಂತಿತು. ಅವರ ಮುಂದೆ ನನ್ನ ಮೊಕದ್ದಮೆ ಆಗಲೇ ಮುಗಿದಿತ್ತು. ನಾನು ತರಗತಿಯ ಕಡೆ ತಿರುಗಿ ಪದ್ಯವನ್ನು ಎರಡು ಸಲ ನಿಧಾನವಾಗಿ ಓದಿದೆ.

“ರಾಜ ಏನು ಮಾಡಿ ಬಂದಿದಾನೆ?”

“ಊಟ ಸಾರ್.”

“ಈಗ?”

“ಮಂಚದ ಮೇಲೆ ಒರಗಿದಾನೆ. ಹೊಟ್ಟೆ ತುಂಬಿದೆ ಸಾರ್.”

“ಸುತ್ತ ಯಾರಿದಾರೆ?”

“ಹೆಣ್ಣುಮಕ್ಕಳು. ಒಬ್ಬಳು ಬೀಸ್ತಾ ಇದಾಳೆ. ಒಬ್ಬಳು ಎಲೆ ಮಡಿಸಿ ಕೊಡ್ತಾ ಇದಾಳೆ.”

“ಮೂರನೆಯವಳು?”

“ಡವಕೆ ಹಿಡ್ಕೊಂಡು ನಿಂತಿದಾಳೆ. ಮಂಚದ ಪಕ್ಕದಲ್ಲೇ, ಬಗ್ಗಿಕೊಂಡು.”

ಪಂಡಿತರಿಗೆ ತಡೆಯಲಾಗಲಿಲ್ಲ. “ಡವಕೆ ಎಂದರೆ ಒಂದು ಬಗೆಯ ವಾದ್ಯ,” ಎಂದರು. “ಭೋಜನಾನಂತರ ರಾಜರು ಸಂಗೀತ ಕೇಳುತ್ತಿದ್ದರು. ಇಷ್ಟಕ್ಕೆ ಇಷ್ಟು ಹೊತ್ತೇ?” ಅಧ್ಯಕ್ಷರು ನೆಮ್ಮದಿಯಿಂದ ತಲೆದೂಗಿದರು. ದುಡ್ಡು ಕೊಟ್ಟ ಮಾಲು ಕೊನೆಗೂ ಕೈಗೆ ಬಂದ ಹಾಗೆ.

ತರಗತಿಯಲ್ಲಿ ಇದ್ದದ್ದು ಇಬ್ಬರೇ ಹೆಣ್ಣುಮಕ್ಕಳು. ಅವರಲ್ಲಿ ಒಬ್ಬಳು ಎದ್ದು ನಿಂತು ನೆಲ ನೋಡಿಕೊಂಡು ಹೇಳಿದಳು, “ಬಾರಿಸ್ತಾಳೆ ಅಂತ ಇಲ್ಲ ಸಾರ್. ಹಿಡಿದಿದಾಳೆ, ಅಷ್ಟೇ. ಹಾಡೋರೂ ಯಾರೂ ಇಲ್ಲ. ಕುಣಿಯೋರೂ ಇಲ್ಲ.”

“ಸರಿ. ವಾದ್ಯ ಅಲ್ಲ ಅಂತ ಇಟ್ಕೊಳೋಣ. ಬಾಯಿ ತುಂಬ ಎಲೆ ಹಾಕ್ಕೊಂಡು ಮಲಗಿದ ರಾಜನಿಗೆ ಸ್ವಲ್ಪ ಹೊತ್ತಾದ ಮೇಲೆ ಏನು ಬೇಕಾಗತ್ತೆ?”

ಅಷ್ಟರಲ್ಲಿ ಅಧ್ಯಕ್ಷರು ಪಂಡಿತರಿಗೆ ಏನೋ ಹೇಳಲು ಹೊರಟರು. ಬಾಯಿ ತುಂಬಿತ್ತು. ಗಲ್ಲ ಎಷ್ಟು ಎತ್ತಿದರೂ ಮಾತು ಹೊರಡಲಿಲ್ಲ, ಉಂ ಉಂ ಎಂದರು. ಕೊನೆಗೆ ಎದ್ದು, ಪಂಚೆ ಎತ್ತಿಕೊಂಡು, ಎರಡು ಹೆಜ್ಜೆಯಲ್ಲಿ ಕಿಟಕಿಗೆ ಹೋಗಿ, ತಲೆ ಹೊರಗೆ ಹಾಕಿ ಉಗಿದರು. ಕೆಳಗಿನ ತಗಡಿನ ಮಾಡಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಹೆಗಲ ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ತಿರುಗಿದರು.

ಇಡೀ ತರಗತಿ ಕಿಟಕಿಯನ್ನು ನೋಡಿತು. ಆಮೇಲೆ ನನ್ನನ್ನು ನೋಡಿತು.

“ಪೀಕದಾನಿ ಸಾರ್,” ಎಂದು ಹಿಂದಿನ ಬೆಂಚಿನಿಂದ ಒಂದು ಧ್ವನಿ ಬಂತು.

ನಗು ಎದ್ದದ್ದು ಹುಡುಗರಿಂದಲ್ಲ, ಸದಸ್ಯರೊಬ್ಬರಿಂದ. ಅವರ ಬಾಯಲ್ಲೂ ಎಲೆ ಇತ್ತು. ನಗು ತಡೆಯಲಿಕ್ಕೆ ಹೋಗಿ ಅಂಗಿಯೆಲ್ಲ ಕೆಂಪು ಮಾಡಿಕೊಂಡರು. ಆಮೇಲೆ ತರಗತಿ ನಕ್ಕಿತು. ನಾನು ನಗಲಿಲ್ಲ. ನಕ್ಕಿದ್ದರೂ ಆಗುವುದು ಅದೇ ಆಗುತ್ತಿತ್ತು.

ಹೆಡ್‌ಮಾಸ್ಟರ ಕೋಣೆಯಲ್ಲಿ ವಿಚಾರಣೆ ನಡೆಯಿತು. “ಮೇಷ್ಟ್ರು ತಾವೇ ಬಾಯಿಬಿಟ್ಟು ಗೊತ್ತಿಲ್ಲ ಅಂದ್ರು,” ಅಧ್ಯಕ್ಷರು ಹೇಳಿದರು. “ಹೇಳಿದ್ದು ಹುಡುಗ್ರು. ಹಂಗಾದ್ರೆ ಪಾಠ ಮಾಡಿದ್ದು ಯಾರು ರೀ?”

“ಪಾಠ ಅಂದ್ರೆ ಅದೇ,” ಎಂದೆ.

“ಪಂಡಿತರು ಇಷ್ಟು ವರ್ಷದಲ್ಲಿ ಗೊತ್ತಿಲ್ಲ ಅಂದಿದ್ದನ್ನ ನಾನು ಒಂದು ದಿನ ಕೇಳಿಲ್ಲ.”

“ನಾನೂ ಕೇಳಿಲ್ಲ.”

ಅಂಗಿ ಕೆಂಪು ಮಾಡಿಕೊಂಡ ಸದಸ್ಯರು ನಡುವೆ ಬಂದರು. “ಅದು ಪೀಕದಾನಿಯೇ ಇರಬೇಕು ಮಾರಾಯ್ರೆ. ಉಂಡು ಮಲಗಿದವನ ಕಿವಿ ಹತ್ರ ಎಂತಕ್ಕೆ ವಾದ್ಯ?”

“ನೀವು ಸ್ವಲ್ಪ ಸುಮ್ನಿರಿ,” ಅಧ್ಯಕ್ಷರು ಹೇಳಿದರು. “ಕಾವ್ಯ ಅದು. ರಾಜರ ವಿಷಯ ಬರೆಯೋ ದೊಡ್ಡವರು ಉಗುಳೋ ಪಾತ್ರೆ ಎಲ್ಲ ಬರೀತಾರಾ?”

ಅಲ್ಲಿಗೆ ನನಗೆ ಎಲ್ಲ ಅರ್ಥವಾಯಿತು. ಇವರ ಲೆಕ್ಕದಲ್ಲಿ ಕಾವ್ಯ ಎಂದರೆ ದೇವರ ಮನೆಯ ಬೆಳ್ಳಿ ತಟ್ಟೆ. ಒರೆಸಿ ಇಡಬೇಕು, ಉಣ್ಣಬಾರದು. ಅದರೊಳಗೆ ತಮ್ಮ ಹಾಗೆಯೇ ತಿಂದು, ಜಗಿದು, ಉಗಿಯುವ ಮನುಷ್ಯರು ಇದ್ದಾರೆ ಎಂದರೆ ಇವರಿಗೆ ಅವಮಾನ. ಗೊತ್ತಾಗದೆ ಇರುವುದೇ ಅದರ ದೊಡ್ಡಸ್ತಿಕೆ. ಪಂಡಿತರು ಇಷ್ಟು ವರ್ಷ ಮಾರಿದ್ದು ಅದನ್ನೇ. ಇವರು ಕೊಂಡದ್ದೂ ಅದನ್ನೇ.

ತೀರ್ಮಾನ ಹೀಗಾಯಿತು. ಪರೀಕ್ಷೆಯವರೆಗೆ ಪ್ರತಿ ಪಾಠಕ್ಕೂ ಬೋರ್ಡಿನ ಮೇಲೆ ಪದಗಳ ಅರ್ಥ ಬರೆದಿರಬೇಕು. ಅಧ್ಯಕ್ಷರು ಆಗಾಗ ತಾವೇ ಬಂದು ನೋಡುವರು. ಬರೆದಿದ್ದರೆ ಖಾಯಂ. ಇಲ್ಲದಿದ್ದರೆ ಏಪ್ರಿಲಿನಲ್ಲಿ ನಾನು ಬಸ್ಸು ಹತ್ತಬಹುದು.

ಹೊರಗೆ ಬಂದಾಗ ಪಂಡಿತರು ಮೆಟ್ಟಿಲ ಬುಡದಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದರು. ಹತ್ತಿರ ಕರೆದು, ದನಿ ತಗ್ಗಿಸಿ ಕೇಳಿದರು, “ನಿಜವಾಗಿಯೂ ಗೊತ್ತಿರಲಿಲ್ಲವೇ?”

“ಇರಲಿಲ್ಲ.”

“ಹಾಗಂತ ಹೇಳಬಾರದಪ್ಪಾ. ಒಂದು ಸಲ ಹೇಳಿಬಿಟ್ಟರೆ ಆಮೇಲೆ ಯಾರೂ ನಂಬುವುದಿಲ್ಲ.”

ಅಪ್ಪ ಆ ಭಾನುವಾರ ಹೇಳಿದ ಮಾತೂ ಅದೇ. ಅಪ್ಪನ ಭಯವನ್ನು ನಾನು ಒಪ್ಪಿಕೊಳ್ಳಬಲ್ಲೆ. ಅಕ್ಷರ ಬರುವ ಯಾರ ಮುಂದೆ ನಿಂತರೂ ಅವನು ಸೋತೇ ಬಂದವನು. ಆ ಅಕ್ಷರವನ್ನೇ ಹಾಸಿ ಹೊದ್ದುಕೊಂಡು ಬೆಳೆದ ಮನುಷ್ಯನಿಗೆ ಅದೇ ಭಯ ಇರುವುದನ್ನು ಕಂಡು ನನಗೆ ಮರುಕ ಬರಬೇಕಿತ್ತು. ಬರಲಿಲ್ಲ.

ಆ ರಾತ್ರಿ ನಾನೇನೂ ನಿದ್ದೆಗೆಡಲಿಲ್ಲ. ಕಮಿಟಿಯವರ ಷರತ್ತನ್ನು ನಾನು ಪದ್ಯ ಓದುವ ಹಾಗೆಯೇ ಓದಿ ನೋಡಿದೆ. ಬೋರ್ಡಿನ ಮೇಲೆ ಅರ್ಥ ಇರಬೇಕು ಎಂದಿದ್ದರು. ಯಾವಾಗ ಬರೆಯಬೇಕು, ಯಾರ ಬಾಯಿಂದ ಬಂದದ್ದನ್ನು ಬರೆಯಬೇಕು ಎಂದು ಹೇಳಿರಲಿಲ್ಲ. ಅಧ್ಯಕ್ಷರಿಗೆ ಮೆಟ್ಟಿಲೆಂದರೆ ಆಗದು, ಪಿರಿಯಡ್ಡು ಮುಗಿಯುವ ಹೊತ್ತಿಗೆ ಮಂಡಿಗೆ ಹೋಗುತ್ತ ಒಂದು ಸಲ ಇಣುಕುವರು, ಅಷ್ಟೇ. ಮಾರನೆಯ ದಿನದಿಂದ ನಾವು ಎಂದಿನ ಹಾಗೆ ಓದಿದೆವು, ಜಗಳವಾಡಿದೆವು, ತಪ್ಪಿದೆವು, ತಿದ್ದಿಕೊಂಡೆವು. ಗಂಟೆ ಬಾರಿಸಲು ಸ್ವಲ್ಪ ಹೊತ್ತಿದೆ ಎನ್ನುವಾಗ, ಹುಡುಗರು ಕಂಡುಕೊಂಡದ್ದನ್ನೆಲ್ಲ ನಾನು ಬೋರ್ಡಿನ ಮೇಲೆ ಗುಂಡು ಗುಂಡು ಅಕ್ಷರದಲ್ಲಿ ಸಾಲಾಗಿ ಬರೆದೆ. ಮೊಟ್ಟಮೊದಲ ಸಾಲು, ಬೇಕೆಂದೇ: ಡವಕೆ, ಪೀಕದಾನಿ.

ಅಧ್ಯಕ್ಷರು ಬಂದರು. ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ಮೇಲಿಂದ ಕೆಳಗೆ ಓದಿದರು. ಮೊದಲ ಸಾಲನ್ನೂ ಓದಿದರು.

“ಹಿಂಗಿರಬೇಕು ನೋಡಿ,” ಎಂದು ಸೂರಿಗೆ ಹೇಳಿದರು. “ಈಗ ಕಲಿಸ್ತಾ ಇದೀರಿ.”

ಹುಡುಗನ ಬಾಯಿಂದ ಬಂದಾಗ ಅಧಿಕಪ್ರಸಂಗವಾಗಿದ್ದದ್ದು ಸೀಮೆಸುಣ್ಣದ ಕಡ್ಡಿಯಿಂದ ಬಂದಾಗ ಅರ್ಥವಾಯಿತು. ಅವರು ಇಳಿದು ಹೋಗುವ ಸದ್ದು ನಿಲ್ಲುವವರೆಗೆ ಕಾದು ತರಗತಿ ನಕ್ಕಿತು. ಆ ದಿನ ನಾನೂ ನಕ್ಕೆ.

ಏಪ್ರಿಲಿನಲ್ಲಿ ನನ್ನನ್ನು ಖಾಯಂ ಮಾಡಿದರು. ರಜೆಯಲ್ಲಿ ಶಿವಮೊಗ್ಗಕ್ಕೆ ಹೋದಾಗ ದೊಡ್ಡ ನಿಘಂಟು ತೆಗೆಸಿ ನೋಡಿದೆ. ಪೀಕದಾನಿ ಎಂದೇ ಇತ್ತು. ನಿಘಂಟಿಗೂ ಗೊತ್ತಿದೆಯಲ್ಲ ಎಂದು ಅದರ ಮೇಲೆ ನನಗೆ ಗೌರವ ಹುಟ್ಟಿತು. ಅಪ್ಪ ಶಿರಾಳಕೊಪ್ಪದ ಸಂತೆಗೆ ಮತ್ತೆ ಹೋಗತೊಡಗಿದ. ತಕ್ಕಡಿಯವನ ಮುಂದೆಯೇ ಚೀಲ ಇಳಿಸಿ, “ನನ್ ಮಗ ಬೋರ್ಡ್ ತುಂಬ ಅರ್ಥ ಬರೀತಾನ. ಅಧ್ಯಕ್ಷರು ದಿನಾ ಬಂದು ನೋಡ್ತಾರ” ಎಂದು ಹೇಳಿದನಂತೆ. ನಾನು ಅದನ್ನು ತಿದ್ದಲು ಹೋಗಲಿಲ್ಲ. ಚಿಕ್ಕಪ್ಪ ಮಾತ್ರ, “ಮೊದ್ಲೇ ಬರ್ದಿದ್ರ ಆಗ್ತಿತ್ತಲ್ಲ, ಇಷ್ಟೊಂದು ರಂಪ ಯಾಕ ಬೇಕಾಗಿತ್ತು” ಎಂದ.

ಕಮಿಟಿ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಮೇಲಿನ ತರಗತಿಗೆ ಬರುವಾಗಲೇ ಮಕ್ಕಳಿಗೆ ಎಲ್ಲ ಅರ್ಥವೂ ಗೊತ್ತಿರಲಿ, ಮೇಷ್ಟ್ರು ಕೇಳುವ ಪ್ರಮೇಯವೇ ಬೇಡ ಎಂದು, ಮುಂದಿನ ವರ್ಷದ ಪದಗಳನ್ನೂ ಕೆಳಗಿನ ತರಗತಿಯಲ್ಲೇ ಬಾಯಿಪಾಠ ಮಾಡಿಸಲು ಪಂಡಿತರಿಗೆ ಹೇಳಿದರು. ಪಂಡಿತರು ನನ್ನ ಬೋರ್ಡಿನ ಸಾಲುಗಳನ್ನು ಯಾರ ಕೈಯಲ್ಲಿ ಬರೆಸಿಕೊಂಡರೋ ತಿಳಿಯದು. ಮಳೆಗಾಲದಿಂದ ಬೇಸಿಗೆಯವರೆಗೂ ಹಲಗೆಯ ಸಂದಿನಿಂದ ನನ್ನ ಹುಡುಗರ ಅರ್ಥಗಳು ಕೋರಸ್ಸಿನಲ್ಲಿ ಮೇಲಕ್ಕೆ ಬರುತ್ತಿದ್ದವು.

ಮುಂದಿನ ಜೂನ್‌ನಲ್ಲಿ ಆ ತಂಡ ಮೆಟ್ಟಿಲು ಹತ್ತಿ ನನ್ನ ಮುಂದೆ ಬಂದು ಕೂತಿತು. ನಾನು ಪರೀಕ್ಷೆ ಮಾಡೋಣವೆಂದು, “ಡವಕೆ ಅಂದ್ರೆ?” ಎಂದು ಕೇಳಿದೆ.

“ಒಂದು ಬಗೆಯ ಪೀಕದಾನಿ,” ಇಡೀ ತರಗತಿ ಒಂದೇ ಸ್ವರದಲ್ಲಿ ಕೂಗಿತು.

“ಅದನ್ನ ಯಾರು ಹಿಡಿದಿದ್ರು? ಯಾಕೆ ಹಿಡಿದಿದ್ರು?”

ಮುಂದಿನ ಬೆಂಚಿನವನು ಪಕ್ಕದವನನ್ನು ನೋಡಿದ. ಪಕ್ಕದವನು ಸೂರು ನೋಡಿದ.

“ಪುಸ್ತಕ ತೆಗೀರಿ,” ಎಂದೆ.

ಅವರು ನೋಟು ತೆಗೆದರು.